ಜೋಮು ಹಿಡಿಸುವ ಕ್ರೀಮು ಮತ್ತು ಒಂದು ಎ4 ಹಾಳೆ

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯ್ತು. ಮೊದಲು ಮಾರ್ಚ್ ಎಂಡಿಂಗ್, ಆಮೇಲೆ ಆಡಿಟ್, ಅದು ಮುಗಿಯಿತು ಅನ್ನುವಷ್ಟರಲ್ಲಿ ಡೊಂಬಿವ್ಲಿಯ ಮನೆಗೆ ಬಣ್ಣ ಹೊಡೆಸುವ ಗಲಾಟೆ. ಈಗ ಬರೆಯಲು ಕೂತರೆ ವಿಷಯ ಎಂಥದ್ದು ಅಂತೀರಿ? ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದಲ್ಲೂ ಯಾರೂ ಮೈಕ್ ಹಿಡಿದು ಮಾತಾಡದಂಥ ವಿಷಯ. ಕೂದಲು! ತಲೆಗೂದಲಲ್ಲ, ಅದರ ಬಗ್ಗೆ ಬೇಕಾದರೆ ಲೋಕಲ್‌ನಲ್ಲಿ ಕಲ್ಯಾಣಿನಿಂದ ದಾದರ್‌ವರೆಗೂ ಮಾತಾಡುತ್ತೇವೆ. ನಾನು ಹೇಳುತ್ತಿರುವುದು ಬೇಡದ ಜಾಗದಲ್ಲಿ ಬರುವ ಕೂದಲು, ಅದನ್ನು ತೆಗೆಯುವ ಲೇಸರ್, ಆ ಲೇಸರ್‌ನ ನೋವು ಗೊತ್ತಾಗದಿರಲಿ ಅಂತ ಹಚ್ಚುವ ಕ್ರೀಮು.

ಗಂಡಸರು ದಯವಿಟ್ಟು ಓದುವುದನ್ನು ಇಲ್ಲಿಗೇ ಬಿಟ್ಟು ಎದ್ದು ಹೋಗಬೇಡಿ. ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ.

ಮೊದಲು ನನ್ನ ಕಥೆ. ನನಗೀಗ 54. ಐವತ್ತು ದಾಟಿ ಮುಟ್ಟು ನಿಂತ ಮೇಲೆ ಗದ್ದದ ಮೇಲೆ ಒಂದೊಂದೇ ಗಡುಸು ಕೂದಲು ಏಳತೊಡಗಿತು. ಚಿಮಟ ಇಟ್ಟುಕೊಂಡು ಕಿತ್ತೆ. ಥ್ರೆಡಿಂಗ್ ಮಾಡಿಸಿದೆ. ಎಂಟು ದಿನಕ್ಕೆ ಮತ್ತೆ ಹಾಜರು. ಧಾರವಾಡದಲ್ಲಿದ್ದಾಗ ಅವ್ವ ಕಡಲೆಹಿಟ್ಟು, ಅರಿಷಿಣ, ಹಾಲಿನ ಕೆನೆ ಕಲಸಿ ಮುಖ ತಿಕ್ಕುತ್ತಿದ್ದಳು, ಅದನ್ನೂ ಮಾಡಿದೆ. ಗದ್ದ ಹಳದಿ ಆಯಿತೇ ಹೊರತು ಕೂದಲು ಹೋಗಲಿಲ್ಲ. ಒಂದು ದಿನ ಬ್ಯಾಂಕಿನಲ್ಲಿ ಪೆನ್ಶನ್ ಪಾಸ್‌ಬುಕ್ ಹಿಡಿದು ಬಂದ ಒಬ್ಬ ಅಜ್ಜಿಯ ಜೊತೆ ನಾಲ್ಕು ವರ್ಷದ ಮೊಮ್ಮಗ ಇದ್ದ. ನನ್ನ ಮುಖವನ್ನೇ ನೋಡಿ, "ಆಜೀ, ಬಘ್, ಕಾಕೂಲಾ ದಾಢೀ ಆಹೇ!" ಅಂದ. ಅಜ್ಜಿ ಗಡಬಡಿಸಿ ಅವನ ಬಾಯಿ ಮುಚ್ಚಿದರು. ಪಕ್ಕದ ಕೌಂಟರಿನ ಹುಡುಗ ಕಂಪ್ಯೂಟರಿನೊಳಗೆ ಮುಖ ಹುದುಗಿಸಿದ. ನಾನು ನಕ್ಕೆ. ಮನೆಗೆ ಬಂದು ನಗಲಿಲ್ಲ.

ಮಾಟುಂಗಾದಲ್ಲಿ ಒಬ್ಬ ಚರ್ಮದ ಡಾಕ್ಟರ್ ಇದ್ದಾರೆ, ನನಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ. ಮೊದಲು ಹಾರ್ಮೋನಿನ ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಲೇಸರ್ ಬಗ್ಗೆ ಹೇಳಿದರು. ಲೇಸರ್ ಬೆಳಕು ಹುಡುಕಿಕೊಂಡು ಹೋಗುವುದು ಕಪ್ಪು ಬಣ್ಣವನ್ನು. ಕೂದಲಿನಲ್ಲಿರುವ ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಕೂದಲಿನ ಬೇರು ಸುಡುತ್ತದೆ. ಬೆಳೆಯುವ ಹಂತದಲ್ಲಿರುವ ಕೂದಲು ಮಾತ್ರ ಹೀಗೆ ಸಿಕ್ಕಿಬೀಳುತ್ತದೆ, ಎಲ್ಲವೂ ಒಂದೇ ಸಲ ಆ ಹಂತದಲ್ಲಿ ಇರುವುದಿಲ್ಲ. ಅದಕ್ಕೇ ನಾಲ್ಕಾರು ವಾರಗಳ ಅಂತರದಲ್ಲಿ ಆರೆಂಟು ಸಿಟ್ಟಿಂಗ್. ಬಿಳಿ ಕೂದಲಲ್ಲಿ ಮೆಲನಿನ್ನೇ ಇಲ್ಲ, ಅದಕ್ಕೆ ಲೇಸರ್ ಏನೂ ಮಾಡದು. "ನಿಮ್ಮ ಗದ್ದದ ಮೇಲೆ ಅರ್ಧ ಬಿಳಿ ಇದೆ. ಅರ್ಧಕ್ಕೆ ಮಾತ್ರ ಗ್ಯಾರಂಟಿ" ಅಂದರು. ಇಷ್ಟು ಪ್ರಾಮಾಣಿಕವಾಗಿ ಮಾತಾಡುವವರನ್ನು ಸಾಲದ ಅರ್ಜಿದಾರರಲ್ಲೂ ನಾನು ಕಂಡಿಲ್ಲ.

ಇನ್ನೊಂದು ಮಾತು ಹೇಳಿದರು, ಅದು ನಮ್ಮೆಲ್ಲರಿಗೂ ಬೇಕಾದದ್ದು. ನಮ್ಮ ಕಂದು ಚರ್ಮದಲ್ಲೂ ಮೆಲನಿನ್ ಇದೆ. ಬೆಳಕಿಗೆ ಅದು ಕೂದಲಿನದೋ ಚರ್ಮದ್ದೋ ಅನ್ನುವ ಭೇದ ಇಲ್ಲ, ಜಾಸ್ತಿಯಾದರೆ ಚರ್ಮವೂ ಸುಡುತ್ತದೆ. ಅದಕ್ಕೇ ಗಾಢ ಬಣ್ಣದವರಿಗೆ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ ಅನ್ನುತ್ತಾರೆ. ಅದು ಆಳಕ್ಕೆ ಇಳಿಯುತ್ತದೆ, ಮೇಲಿನ ಚರ್ಮಕ್ಕೆ ಕಾಟ ಕಡಿಮೆ. ಆದರೆ ನೋವು ಸ್ವಲ್ಪ ಹೆಚ್ಚು.

ಎಷ್ಟು ನೋವು? ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಅನ್ನುತ್ತಾರೆ ಎಲ್ಲರೂ. ನಾನು ಹೇಳುವುದಾದರೆ ಒಗ್ಗರಣೆ ಸಿಡಿದ ಹಾಗೆ. ಬಿಸಿ ಎಣ್ಣೆಯ ಜೊತೆ ಸಾಸಿವೆ ಹಾರಿ ಕೈಮೇಲೆ ಬಿತ್ತು ಅಂದುಕೊಳ್ಳಿ. ಒಂದು ಬಿದ್ದರೆ 'ಸ್' ಅಂತೀವಿ. ಒಂದೇ ಜಾಗದಲ್ಲಿ ಐವತ್ತು ಬಿದ್ದರೆ? ಮೊದಲ ಸಿಟ್ಟಿಂಗ್‌ಗೆ ಡಾಕ್ಟರ್ "ಕ್ರೀಮ್ ಹಚ್ಚಲಾ?" ಅಂತ ಕೇಳಿದರು. ನಾನು ದೊಡ್ಡ ಶೂರಳ ಹಾಗೆ ಬೇಡ ಅಂದೆ. ಕಣ್ಣಲ್ಲಿ ನೀರು ಬಂತು. ಎರಡನೇ ಸಿಟ್ಟಿಂಗ್‌ಗೆ ನಾನೇ ಕೇಳಿ ಹಚ್ಚಿಸಿಕೊಂಡೆ.

ಹಚ್ಚಿದ್ದು ಎಷ್ಟು ಅಂತೀರಿ? ಅರ್ಧ ಚಮಚ. ಮೇಲೆ ಪಾರದರ್ಶಕ ಪ್ಲಾಸ್ಟರ್ ಅಂಟಿಸಿ, ನನ್ನ ಕಾಗದದ ಮೇಲೆ ಗಂಟೆ ಬರೆದರು. ನನ್ನನ್ನು ಕ್ಲಿನಿಕ್ಕಿನಲ್ಲೇ ಕೂಡಿಸಿದರು. "ತುಟಿ, ನಾಲಿಗೆ ಜೋಮು ಹಿಡಿದ ಹಾಗೆ ಆದರೆ, ಕಿವಿಯಲ್ಲಿ ಗುಂಯ್ ಅಂದರೆ, ತಲೆ ತಿರುಗಿದರೆ ತಕ್ಷಣ ಹೇಳಿ, ಒರೆಸಿಬಿಡೋಣ" ಅಂದರು. ಅರ್ಧ ಚಮಚಕ್ಕೆ ಇಷ್ಟು ಉಪದೇಶವಾ ಅಂತ ಮನಸ್ಸಿನಲ್ಲೇ ನಕ್ಕೆ. ಒಂದು ಗಂಟೆ ಆದ ಮೇಲೆ ಪೂರ್ತಿ ಒರೆಸಿ, ತಣ್ಣನೆ ಗಾಳಿ ಬಿಡುತ್ತಾ ಲೇಸರ್ ಹೊಡೆದರು. ಗೊತ್ತಾಯಿತು, ಆದರೆ ತಡೆದುಕೊಳ್ಳುವಷ್ಟು. ಲೋಕಲ್ ಹಿಡಿದು ಮನೆಗೆ ಬಂದು ಚಪಾತಿ ಮಾಡಿದೆ.

ಇದನ್ನು ಹುಬ್ಬಳ್ಳಿಯ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಮಗಳು ರಜಕ್ಕೆ ಬಂದಿದ್ದಳು, ಫೋನು ಸ್ಪೀಕರಿನಲ್ಲಿತ್ತು.

"ಅಯ್ಯ, ಎರಡು ಹಡದಾಕಿ ನೀ. ಇಷ್ಟರಾಗ ನೋವು ಅಂತ ಕ್ರೀಮ್ ಹಚ್ಚಿಸ್ಕೊಂಡಿಯೇನ? ನಮ್ಮವ್ವ ಒಂಬತ್ತು ಹಡದ್ಲು, ಒಂದ ದಿನಾನೂ ಹಾಯ್ ಅನ್ನಲಿಲ್ಲ. ಈಗಿನ ಹುಡಿಗ್ಯಾರಂತೂ ಬಿಡು, ಕಾಲಿನ ಕೂದಲಕ್ಕೂ ಲೇಸರ್ ಅಂತ!"

ನಾನೂ ಆ ಮಾತಿಗೆ ತಾಳ ಹಾಕಿದೆ. "ಹೌದ ನೋಡಕ್ಕಾ, ಕಾಲಿನ ಕೂದಲಕ್ಕ ಯಾರು ರೊಕ್ಕ ಸುರೀತಾರ?" ಅಂದೆ. ನನ್ನ ಗದ್ದಕ್ಕೆ ಸುರಿದ ರೊಕ್ಕ ಆಗ ನೆನಪಾಗಲಿಲ್ಲ. ಮಗಳು ಏನೂ ಹೇಳದೆ ಎದ್ದು ಒಳಗೆ ಹೋದಳು.

ಅವಳಿಗೆ 24. ಪುಣೆಯಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಪಿಸಿಓಎಸ್ ಇದೆ, ಕೈಕಾಲಿನ ಮೇಲೆ ಕೂದಲು ಜಾಸ್ತಿ. ಶಾಲೆಯಲ್ಲಿ ಹುಡುಗರು ಏನು ಅಡ್ಡಹೆಸರು ಇಟ್ಟಿದ್ದರು ಅನ್ನುವುದು ನನಗೆ ತಿಳಿದದ್ದು ಈ ಘಟನೆಯ ನಂತರ.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಫೋನ್ ಬಂತು. "ಅಮ್ಮಾ, ಒಂದು ವಿಷಯ ಕೇಳ್ತೀನಿ, ಬೈಬೇಡ. ಕಾಲಿಗೆ ಕ್ರೀಮ್ ಹಚ್ಚಿದ್ರೆ ತುಟಿ ಯಾಕೆ ಜೋಮು ಹಿಡಿಯುತ್ತೆ?"

ನನ್ನ ಎದೆ ಧಸಕ್ ಅಂದಿತು. ಕೇಳುತ್ತಾ ಹೋದ ಹಾಗೆ ಒಂದೊಂದೇ ಹೊರಬಂತು. ಎರಡೂ ಕಾಲು ಪೂರ್ತಿ ಲೇಸರ್ ಮಾಡಿಸಲು ಯಾವುದೋ ಪಾರ್ಲರಿನಲ್ಲಿ ಪ್ಯಾಕೇಜು ತೆಗೆದುಕೊಂಡಿದ್ದಾಳೆ. ಅವರು ಒಂದು ಬಿಳಿ ಡಬ್ಬಿ ಕೊಟ್ಟಿದ್ದಾರೆ. ಹೆಸರಿಲ್ಲ, ಲೇಬಲ್ಲಿಲ್ಲ. ಮನೆಯಲ್ಲೇ ದಪ್ಪಗೆ ಬಳಿದು, ಅಡುಗೆಮನೆಯ ಪ್ಲಾಸ್ಟಿಕ್ ರ‍್ಯಾಪ್ ಸುತ್ತಿಕೊಂಡು ಬನ್ನಿ, ನಮ್ಮಲ್ಲಿ ಟೈಮ್ ಉಳಿಯುತ್ತೆ ಅಂದಿದ್ದಾರೆ. ಬೆಳಿಗ್ಗೆಯೇ ಕಾಲು ಶೇವ್ ಮಾಡಿ, ತೊಡೆಯಿಂದ ಪಾದದವರೆಗೆ ಬಳಿದು, ಪ್ಲಾಸ್ಟಿಕ್ ಸುತ್ತಿ, ಮೇಲೆ ಪ್ಯಾಂಟು ಹಾಕಿ ಒಂದೂವರೆ ಗಂಟೆ ಆಗಿತ್ತು. ಹೊರಗೆ ಪುಣೆಯ ಮೇ ಬಿಸಿಲು. ಕಿವಿಯಲ್ಲಿ ಸದ್ದು. ಕೈಯಲ್ಲಿ ಸ್ಕೂಟಿಯ ಕೀ!

ಮಾಟುಂಗಾದ ಡಾಕ್ಟರ್ ಹೇಳಿದ್ದು ಆಗ ನೆನಪಾಯಿತು, ಅವರಿಗೆ ಪುಣ್ಯ ಬರಲಿ. "ಕೀ ಕೆಳಗಿಡು. ಪ್ಲಾಸ್ಟಿಕ್ ಕಿತ್ತು ಬಿಸಾಕು, ಟವೆಲಿನಿಂದ ಒರೆಸು, ಕಾಲು ತೊಳಿ. ರೂಮಿನ ಹುಡುಗಿಯನ್ನು ಕರಿ. ಇಬ್ಬರೂ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗಿ, ಡಬ್ಬಿ ಜೊತೆಗೆ ಒಯ್ಯಿ" ಅಂದೆ. ನಾನು ಕಲ್ಯಾಣಿಗೆ ಓಡಿ, ಸಿಕ್ಕ ಗಾಡಿ ಹತ್ತಿ, ಸಂಜೆ ಪುಣೆ ಮುಟ್ಟುವವರೆಗೂ ಕರ್ಜತ್ ಘಾಟು ಹತ್ತಿದ್ದೂ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ರಾತ್ರಿವರೆಗೂ ಕಣ್ಣಿಟ್ಟು ಬಿಟ್ಟರು. ದೇವರ ದಯೆ, ಏನೂ ಆಗಲಿಲ್ಲ.

ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಿದೆ. "ನೀನೂ ದೊಡ್ಡವ್ವನೂ ಅವತ್ತು ನಕ್ಕಿರಲ್ಲ" ಅಂದಳು. ಅಷ್ಟೇ ಅಂದದ್ದು. ನನಗೆ ಸಾಕಾಯಿತು.

ಮಾರನೇ ದಿನ ಪಾರ್ಲರಿಗೆ ಫೋನ್ ಮಾಡಿದೆ. "ಮೇಡಂ, ಸಬ್ ಲಗಾತೇ ಹೈಂ, ಕುಛ್ ನಹೀಂ ಹೋತಾ" ಅಂದರು. ಡಬ್ಬಿಯೊಳಗೆ ಏನಿದೆ, ನೂರಕ್ಕೆ ಎಷ್ಟು ಇದೆ ಅಂದರೆ ಆ ಹುಡುಗಿಗೂ ಗೊತ್ತಿಲ್ಲ. ಅವಳಿಗೆ ಮೇಲಿನವರು ಕೊಟ್ಟಿದ್ದು, ಅವಳು ನನ್ನ ಮಗಳಿಗೆ ಕೊಟ್ಟಿದ್ದು.

ನಾನು ಬಿ.ಕಾಂ. ವೈದ್ಯಕೀಯ ನನಗೆ ಬರುವುದಿಲ್ಲ, ಲೆಕ್ಕ ಬರುತ್ತದೆ. ಹಾಗಾಗಿ ಕೂತು ಓದಿದೆ, ಡಾಕ್ಟರನ್ನು ಮತ್ತೆ ಹೋಗಿ ಕೇಳಿದೆ. ತಿಳಿದದ್ದು ಇಷ್ಟು.

ಈ ಕ್ರೀಮುಗಳಲ್ಲಿ ಮುಖ್ಯವಾಗಿ ಇರುವುದು ಲಿಡೋಕೇನ್. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದ ಔಷಧ. ಹಲ್ಲು ಕೀಳುವಾಗ ಒಸಡಿಗೆ ಚುಚ್ಚುತ್ತಾರಲ್ಲ, ಅದೇ. ಚರ್ಮಕ್ಕೆ ಹಚ್ಚುವಾಗ ಸಾಮಾನ್ಯವಾಗಿ ಲಿಡೋಕೇನ್ ನೂರಕ್ಕೆ 2.5, ಪ್ರಿಲೋಕೇನ್ ನೂರಕ್ಕೆ 2.5 ಸೇರಿಸಿರುತ್ತಾರೆ. ಎರಡೂ ಬೇರೆ ಬೇರೆ ಇದ್ದಾಗ ಗಟ್ಟಿ ಪುಡಿ, ಬೆರೆಸಿದರೆ ಕರಗಿ ಎಣ್ಣೆಯಂತಾಗುತ್ತವೆ, ಚರ್ಮದೊಳಗೆ ಇಳಿಯುತ್ತವೆ. ನರಗಳು ನೋವಿನ ಸುದ್ದಿ ಒಯ್ಯದಂತೆ ತಡೆಯುತ್ತವೆ. ಸುಮಾರು ಒಂದು ಗಂಟೆ ಬೇಕು. ಒಳ್ಳೆಯ ಔಷಧವೇ, ಅನುಮಾನ ಬೇಡ.

ಆದರೆ ಇಳಿದದ್ದು ಚರ್ಮದಲ್ಲೇ ಕೂತಿರುವುದಿಲ್ಲ, ರಕ್ತಕ್ಕೆ ಸೇರುತ್ತದೆ. ಸ್ವಲ್ಪ ಸೇರಿದರೆ ದೇಹ ಸಂಭಾಳಿಸುತ್ತದೆ. ಜಾಸ್ತಿಯಾದರೆ ಕಾಲಿನ ನರಕ್ಕೆ ಮಾಡಿದ್ದನ್ನೇ ಮಿದುಳಿಗೂ ಹೃದಯಕ್ಕೂ ಮಾಡುತ್ತದೆ. ಮೊದಲು ತುಟಿ, ನಾಲಿಗೆ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಸದ್ದು, ಆಮೇಲೆ ಫಿಟ್ಸ್, ಹೃದಯದ ಬಡಿತದಲ್ಲಿ ಏರುಪೇರು. ಪ್ರಿಲೋಕೇನ್ ಅತಿಯಾದರೆ ರಕ್ತ ಆಮ್ಲಜನಕ ಹೊರುವುದನ್ನೇ ಕಡಿಮೆ ಮಾಡುತ್ತದೆ, ತುಟಿ ಉಗುರು ನೀಲಿಗಟ್ಟುತ್ತವೆ. ಜಿ6ಪಿಡಿ ಕೊರತೆ ಇರುವವರಿಗೆ, ಕೆಲವು ಸಲ್ಫಾ ಮಾತ್ರೆ ತೆಗೆದುಕೊಳ್ಳುವವರಿಗೆ ಆ ಅಪಾಯ ಹೆಚ್ಚು. ಹೃದಯದ ಬಡಿತಕ್ಕೆ ಮಾತ್ರೆ ನುಂಗುವವರೂ ಡಾಕ್ಟರಿಗೆ ಹೇಳದೆ ಇದನ್ನು ಮುಟ್ಟಬಾರದು.

ಎಷ್ಟು ಹಚ್ಚಬಹುದು? ಬ್ರಿಟನ್ನಿನಲ್ಲಿ ಈ 2.5 + 2.5ರ ಕ್ರೀಮಿನ ಅಧಿಕೃತ ಮಾಹಿತಿಯಲ್ಲಿ ಲೇಸರ್‌ನ ಹೆಸರು ಹಿಡಿದೇ ಬರೆದಿದ್ದಾರೆ. ದೊಡ್ಡವರು ತಾವೇ ಹಚ್ಚಿಕೊಳ್ಳುವುದಾದರೆ ಹೆಚ್ಚೆಂದರೆ 60 ಗ್ರಾಂ, ಹೆಚ್ಚೆಂದರೆ 600 ಚದರ ಸೆಂಟಿಮೀಟರ್, ಕಡಿಮೆಯೆಂದರೆ 1 ಗಂಟೆ, ಹೆಚ್ಚೆಂದರೆ 5 ಗಂಟೆ.

600 ಚದರ ಸೆಂಟಿಮೀಟರ್ ಅಂದರೆ ಎಷ್ಟು? ನಿಮ್ಮ ಆಫೀಸಿನ ಪ್ರಿಂಟರಿನಿಂದ ಒಂದು ಎ4 ಹಾಳೆ ತೆಗೆಯಿರಿ. ಅದು 21 ಸೆಂ.ಮೀ. ಅಗಲ, 29.7 ಉದ್ದ. ಗುಣಿಸಿದರೆ 623 ಚಿಲ್ಲರೆ. ಅಂದರೆ ಒಂದು ಹಾಳೆಗಿಂತ ತುಸು ಕಡಿಮೆ. ಈಗ ಕಾಲಿನ ಲೆಕ್ಕ. ಮಧ್ಯಮ ಮೈಕಟ್ಟಿನ ಹೆಣ್ಣುಮಗಳ ಒಟ್ಟು ಚರ್ಮ ಸುಮಾರು ಒಂದೂವರೆ ಚದರ ಮೀಟರ್, ಅಂದರೆ 15,000 ಚದರ ಸೆಂ.ಮೀ. ಸುಟ್ಟಗಾಯ ಅಳೆಯುವಾಗ ಡಾಕ್ಟರುಗಳು ಒಂದೊಂದು ಕಾಲಿಗೆ ನೂರಕ್ಕೆ 18 ಅಂತ ಹಿಡಿಯುತ್ತಾರೆ. ಎರಡು ಕಾಲಿಗೆ 36. ಲೆಕ್ಕ ಹಾಕಿ, 5,400 ಬರುತ್ತದೆ. ಲಿಮಿಟ್ಟಿನ ಒಂಬತ್ತು ಪಟ್ಟು! ಅದೂ ಡಬ್ಬಿಯಲ್ಲಿರುವುದು 2.5 + 2.5 ಮಾತ್ರ ಅಂತ ನಂಬಿದರೆ. ಶೇವ್ ಮಾಡಿ ಕೆರೆದ ಚರ್ಮ, ಮೇಲೆ ಪ್ಲಾಸ್ಟಿಕ್, ಮೇಲೆ ಬಿಸಿ. ಮೂರೂ ಔಷಧ ಇನ್ನಷ್ಟು ಒಳಗಿಳಿಯುವಂತೆ ಮಾಡುವಂಥವೇ. ಬ್ಯಾಂಕಿನಲ್ಲಿ ಯಾವನಾದರೂ ಸ್ಯಾಂಕ್ಷನ್ ಲಿಮಿಟ್ಟಿನ ಒಂಬತ್ತು ಪಟ್ಟು ಡ್ರಾ ಮಾಡಲು ಬಿಟ್ಟರೆ ಅವತ್ತೇ ಸಸ್ಪೆಂಡ್ ಆಗುತ್ತಾನೆ. ಇಲ್ಲಿ "ಸಬ್ ಲಗಾತೇ ಹೈಂ".

ಇದು ನನ್ನ ಭಯದ ಉತ್ಪ್ರೇಕ್ಷೆ ಅನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಹೆಣ್ಣುಮಕ್ಕಳು ಲೇಸರ್‌ಗೆ ಮುಂಚೆ ಕಾಲಿಗೆ ಇಂಥದೇ ಕ್ರೀಮು ಹಚ್ಚಿ, ಇದೇ ರೀತಿ ಪ್ಲಾಸ್ಟಿಕ್ ಸುತ್ತಿಕೊಂಡರು. ಫಿಟ್ಸ್ ಬಂತು, ಕೋಮಾಕ್ಕೆ ಹೋದರು, ಸತ್ತರು. ಅಲ್ಲಿನ ಎಫ್‌ಡಿಎ 2007ರ ಫೆಬ್ರುವರಿಯಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. 2024ರ ಮಾರ್ಚ್‌ನಲ್ಲಿ ಮತ್ತೆ ಎಚ್ಚರಿಸಿತು, ಚೀಟಿ ಇಲ್ಲದೆ ಮಾರುವ ನೋವು ನಿವಾರಕ ಕ್ರೀಮಿನಲ್ಲಿ ಲಿಡೋಕೇನ್ ನೂರಕ್ಕೆ 4ಕ್ಕಿಂತ ಹೆಚ್ಚಿದ್ದರೆ ಬಳಸಬೇಡಿ ಅಂತ. ಅಂದರೆ ಹದಿನೇಳು ವರ್ಷ ಆದರೂ ಜನ ಬಳಿದುಕೊಳ್ಳುವುದು ನಿಂತಿಲ್ಲ.

ಹಾಗಾದರೆ ಅಕ್ಕ ಹೇಳಿದ್ದೇ ಸರಿ, ನೋವು ತಡೆದುಕೊಳ್ಳಬೇಕಿತ್ತು ಅಂತೀರಾ? ಇಲ್ಲ. ನಾನು ಇದನ್ನು ಬರೆಯುತ್ತಿರುವುದೇ ಅದಕ್ಕೆ. ಈ ಘಟನೆ ಕೇಳಿದ ಮೇಲೆ ನಮ್ಮ ಕಡೆಯವರು ನಾಲ್ಕು ಜನ "ನೋಡ್ರಿ, ಚಂದ ಕಾಣೋ ಹುಚ್ಚಿಗೆ ಹಿಂಗಾತು" ಅಂದರು. ನನಗೆ ಸಿಟ್ಟು ಬಂತು. ನೋವು ಬೇಡ ಅನ್ನುವುದು ಹುಚ್ಚಲ್ಲ. ಹಲ್ಲು ಕೀಳಿಸುವಾಗ ಇಂಜೆಕ್ಷನ್ ಬೇಡ ಅನ್ನುವ ಗಂಡಸನ್ನು ನಾನು ಇದುವರೆಗೆ ನೋಡಿಲ್ಲ. ಆಗ ಯಾರೂ ನಿಮ್ಮಪ್ಪ ಹೇಗೆ ತಡೆದುಕೊಂಡ ಅಂತ ಕೇಳುವುದಿಲ್ಲ. ಹೆಣ್ಣಿನ ನೋವಿಗೆ ಮಾತ್ರ ನಾವು ಅವ್ವನ ಉದಾಹರಣೆ ಕೊಡುತ್ತೇವೆ.

ಅವ್ವ ಒಂಬತ್ತು ಹಡೆದಳು, ಆರು ಉಳಿದೆವು. ಒಂದು ದಿನವೂ ಹಾಯ್ ಅನ್ನಲಿಲ್ಲ, ನಿಜ. ಅಂದರೆ ಕೇಳಿಸಿಕೊಳ್ಳುವವರು ಯಾರಿದ್ದರು? ಅದನ್ನು ನಾವು ಅವಳ ಶಕ್ತಿ ಅಂತ ಹಾಡಿ ಹೊಗಳುತ್ತೇವೆ. ನನಗೀಗ ಹಾಗೆ ಅನ್ನಿಸುವುದಿಲ್ಲ. ನನ್ನ ಮಗಳೂ ಹಾಯ್ ಅನ್ನಲಿಲ್ಲ ನೋಡಿ, ನಮ್ಮ ನಗುವಿಗೆ ಹೆದರಿ. ಒಬ್ಬಳೇ ಕೋಣೆಯಲ್ಲಿ ಕೂತು ಗೊತ್ತಿಲ್ಲದ ಡಬ್ಬಿಯಿಂದ ಗೊತ್ತಿಲ್ಲದ ಔಷಧ ಬಳಿದುಕೊಂಡಳು. ಪಾರ್ಲರಿನ ತಪ್ಪು ಎಷ್ಟೋ ಅಷ್ಟೇ ತಪ್ಪು ನನ್ನದೂ ಇದೆ.

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು. ಕ್ರೀಮು ಬೇಕು ಅನ್ನಿಸಿದರೆ ಹಚ್ಚಿಸಿಕೊಳ್ಳಿ, ನಾಚಿಕೆ ಬೇಡ. ಆದರೆ ಅದು ಸ್ನೋ-ಪೌಡರ್ ಅಲ್ಲ, ಔಷಧ. ಗದ್ದ, ಮೇಲ್ತುಟಿ, ಕಂಕುಳದಂಥ ಸಣ್ಣ ಜಾಗಕ್ಕೆ, ಡಾಕ್ಟರ್ ಅಳೆದು, ಅವರ ಕಣ್ಣೆದುರು. ಕಣ್ಣಿನ ಹತ್ತಿರ ಬೇಡ, ಗಾಯದ ಮೇಲೆ ಬೇಡ. ಪೂರ್ತಿ ಕಾಲು, ಪೂರ್ತಿ ಬೆನ್ನಿಗೆ ಬೇಡವೇ ಬೇಡ. ಅಲ್ಲಿಗೆ ಬೇರೆ ದಾರಿ ಇದೆ. ತಣ್ಣನೆ ಗಾಳಿ, ತಂಪಾದ ತುದಿಯ ಮಷೀನು, ಐಸ್ ಪ್ಯಾಕ್, ನಡುವೆ ನಿಲ್ಲಿಸಿ ಸುಧಾರಿಸಿಕೊಳ್ಳುವುದು, ಕಾಲನ್ನು ಎರಡು ಮೂರು ದಿನಕ್ಕೆ ಹಂಚಿಕೊಳ್ಳುವುದು. ಸಿಟ್ಟಿಂಗ್ ಕಳೆದಂತೆ ಕೂದಲು ತೆಳ್ಳಗಾಗಿ ನೋವೂ ಕಡಿಮೆಯಾಗುತ್ತದೆ, ಇದು ನನ್ನ ಗದ್ದದ ಅನುಭವ.

ಇನ್ನೊಂದು. ಪೂರ್ತಿ ಜೋಮು ಹಿಡಿದ ಚರ್ಮ ಸುಡುತ್ತಿದ್ದರೂ ಹೇಳುವುದಿಲ್ಲ. ನಮ್ಮ ಕಂದು ಚರ್ಮಕ್ಕೆ ಮಷೀನಿನ ಸೆಟ್ಟಿಂಗ್ ಜಾಸ್ತಿಯಾದರೆ ಮೊದಲು ಎಚ್ಚರಿಸುವುದು ನೋವೇ. ಅದಕ್ಕೇ ನನ್ನ ಡಾಕ್ಟರ್ ಪ್ರತಿ ಸಲ "ಬಿಸಿ ತಡೆಯೋಕಾಗ್ತಿಲ್ಲ ಅನ್ನಿಸಿದ್ರೆ ಹೇಳಿ" ಅನ್ನುತ್ತಿದ್ದರು. ಏನೂ ಗೊತ್ತಾಗದ ಹಾಗೆ ಮಾಡಿಕೊಡ್ತೀವಿ ಅನ್ನುವ ಪಾರ್ಲರಿನವರನ್ನು ಅದಕ್ಕಾಗಿಯೂ ನಂಬಬೇಡಿ.

ಹಚ್ಚುವ ಮುಂಚೆ ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ. ಇದರಲ್ಲಿ ಏನಿದೆ, ನೂರಕ್ಕೆ ಎಷ್ಟು? ಎಷ್ಟು ಜಾಗಕ್ಕೆ ಹಚ್ಚುತ್ತೀರಿ? ಎಷ್ಟು ಹೊತ್ತು? ಏನಾದರೂ ಆದರೆ ಇಲ್ಲಿ ಡಾಕ್ಟರ್ ಇದ್ದಾರಾ? ಉತ್ತರ ಬರದಿದ್ದರೆ ಎದ್ದು ಬನ್ನಿ, ಪ್ಯಾಕೇಜಿನ ದುಡ್ಡು ಹೋದರೆ ಹೋಗಲಿ. ಲೇಬಲ್ಲಿಲ್ಲದ ಡಬ್ಬಿ ಅಂದರೆ ಸಹಿ ಹಾಕಿದ ಖಾಲಿ ಚೆಕ್ಕು. ಮೊತ್ತ ಯಾರು ತುಂಬುತ್ತಾರೋ ನಿಮಗೆ ಗೊತ್ತಿಲ್ಲ.

ಮಗಳು ಈಗ ಮಾಟುಂಗಾದ ಡಾಕ್ಟರ್ ಹತ್ತಿರವೇ ಬರುತ್ತಾಳೆ, ಕ್ರೀಮಿಲ್ಲದೆ, ತಣ್ಣನೆ ಗಾಳಿಯಲ್ಲಿ, ಒಮ್ಮೆ ಮೊಣಕಾಲಿನ ಕೆಳಗೆ, ಇನ್ನೊಮ್ಮೆ ಮೇಲೆ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಕಳೆದ ತಿಂಗಳು ಒಳಗಿನಿಂದ "ಅಮ್ಮಾ, ಹಾಯ್!" ಅಂತ ಕೂಗಿದಳು. ನರ್ಸ್ ಗಾಬರಿಯಾದಳು. ನನಗೆ ಮಾತ್ರ ಸಮಾಧಾನ ಆಯಿತು.

ಅಂದ ಹಾಗೆ, ಈ ಲೆಕ್ಕವನ್ನೆಲ್ಲ ಅಕ್ಕನಿಗೂ ಹೇಳಿದೆ, ಎ4 ಹಾಳೆ ಸಮೇತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಡಾಕ್ಟರ್ ಫೀಸ್ ಎಷ್ಟ ತಗೋತಾರ? ನನ್ನ ಮೊಮ್ಮಗಳದ್ದೂ ಇದ ಕಥಿ ಐತಿ" ಅಂದಳು.

ನಿಮ್ಮ ಮನೆಯಲ್ಲಿ ಯಾರದ್ದಾದರೂ ಇದೇ ಕಥೆ ಇರಬಹುದು. ಅವರು ನಿಮಗೆ ಹೇಳಿರಲಿಕ್ಕಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನೀವೇ ಒಂದು ಮಾತು ಕೇಳಿ ನೋಡಿ. ಏನಂತೀರಿ?